ಯಾರಿಗೆ ಯಾರು ಹೂಂ ಅನ್ನಬೇಕು

“ಗುರುಗಳೇ, ನೀವು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟ ಯುನಿಕ್ಸ್ ಬಗೆಯ ಈ ವ್ಯವಸ್ಥೆಯಲ್ಲಿ ಒಂದು ಕಪ್ಪು ಪರದೆ, ಒಂದು ಮಿಣುಕುವ ಗೆರೆ, ಅಷ್ಟೇ. ಗೆಳೆಯರು ನಗುತ್ತಾರೆ. ತಾನಾಗಿ ಏನೂ ಮಾಡದ ಇದನ್ನು ಮನೆಯಲ್ಲಿಟ್ಟುಕೊಂಡು ಏನು ಸುಖ?” ಎಂದು ಶಿಷ್ಯ ಕೇಳಿದ. ಹಳೆಯದನ್ನೇ ಮತ್ತೆ ಹಾಕಿಸಿಕೊಳ್ಳುವುದೆಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಗುರುಗಳು ನಕ್ಕು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆ ವ್ಯಾಪಾರಿಯಿದ್ದ. ಹಗಲು ಅಂಗಡಿ, ಸಂಜೆ ನಾಟಕ ಬರೆಯುವ ಹುಚ್ಚು. ಊರಿನ ಹವ್ಯಾಸಿ ತಂಡದವರು ಅವನ ಹಾಸ್ಯನಾಟಕವನ್ನು ಆಡಲು ಒಪ್ಪಿದ್ದರು. ಹುಣ್ಣಿಮೆಯೊಳಗೆ ಕೊನೆಯ ಅಂಕ ಕೈಸೇರದಿದ್ದರೆ ಹಳೆಯ ನಾಟಕವೇ ಗತಿ ಎಂದೂ ಹೇಳಿದ್ದರು. ತನ್ನ ಮಾತಿಗೆ ಊರು ನಗುವುದನ್ನು ಒಮ್ಮೆಯಾದರೂ ಕೇಳಬೇಕೆಂಬುದು ವ್ಯಾಪಾರಿಯ ಜೀವಮಾನದ ಆಸೆ.

ಆದರೆ ಅವನ ಕಂಪ್ಯೂಟರ್ ಬರೆಯಲು ಬಿಡಬೇಕಲ್ಲ! ನಾಟಕದ ನಾಯಕಿ ಬಾಯಿ ತೆರೆಯುವಷ್ಟರಲ್ಲಿ ಅದು ನಡುವೆ ಬಾಯಿ ಹಾಕುತ್ತಿತ್ತು. ಹೊಸ ಆವೃತ್ತಿ ಬಂದಿದೆ, ಹಾಕಲೇ? ಹವಾಮಾನ ತೋರಿಸಲೇ? ಈ ಷರತ್ತುಗಳಿಗೆ ಒಪ್ಪಿಗೆಯೇ? ವ್ಯಾಪಾರಿ ಕೋಲೆ ಬಸವನ ಹಾಗೆ ತಲೆಯಾಡಿಸಿ ‘ಯೆಸ್’ ಒತ್ತುತ್ತಿದ್ದ. ಪೀಡೆ ತೊಲಗಲಿ ಎಂದು ಒತ್ತಿದರೆ ಇನ್ನೊಂದು ಪೀಡೆ ಬರುತ್ತಿತ್ತು. ಅಷ್ಟರಲ್ಲಿ ನಾಯಕಿ ಹೇಳಬೇಕಿದ್ದ ಮಾತು ಮರೆತೇ ಹೋಗಿರುತ್ತಿತ್ತು.

ಮಗಳು ನೋಡಿ ನೋಡಿ ಬೇಸತ್ತು, ಅದೇ ಕಂಪ್ಯೂಟರಿಗೆ ಯುನಿಕ್ಸಿನಂಥ ಸರಳ ವ್ಯವಸ್ಥೆಯೊಂದನ್ನು ಹಾಕಿಕೊಟ್ಟು ಒಳಗೆ ಹೋದಳು.

ವ್ಯಾಪಾರಿ ಬಂದು ಕೂತ. ಏನನ್ನಾದರೂ ಕೇಳುತ್ತದೆಂದು ಕಾದ. ಅದು ಕೇಳಲಿಲ್ಲ. ಇನ್ನೂ ಸ್ವಲ್ಪ ಕಾದ. ಹುಣ್ಣಿಮೆ ಹತ್ತಿರವಾಗಿತ್ತು. ಕೇಳದಿದ್ದರೇನು, ನಾನೇ ಮೊದಲು ಒಪ್ಪಿಬಿಟ್ಟರೆ ಬರೆಯಲು ಬಿಟ್ಟೀತು ಎಂದುಕೊಂಡು ‘ಯೆಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ.

ಇಂಗ್ಲಿಷಿನ ಯೆಸ್‌ನ ಮೊದಲ ಅಕ್ಷರ ವೈ, ಸಾಲಿಗೊಂದರಂತೆ ಪರದೆಯ ತುಂಬ ಸುರಿಯತೊಡಗಿತು. ನಿಲ್ಲುವ ಲಕ್ಷಣವೇ ಇಲ್ಲ.

“ಅಯ್ಯಯ್ಯೋ, ಏನನ್ನೋ ಒಪ್ಪಿಬಿಟ್ಟೆ! ಬೇಗ ಬಾರೇ!” ಎಂದು ಕೂಗಿದ.

ಮಗಳು ಓಡಿ ಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪಾ, ಅದು ನಿನ್ನ ಒಪ್ಪಿಗೆಯನ್ನೇ ಕೇಳಿಲ್ಲ. ಇಲ್ಲಿ ಯೆಸ್ ಅನ್ನೋದೂ ಒಂದು ಅಪ್ಪಣೆ. ನೀನು ಸಾಕು ಅನ್ನೋವರೆಗೂ ಅದೇ ನಿನಗೆ ಹೌದು ಹೌದು ಅಂತಿರುತ್ತೆ. ಕಂಟ್ರೋಲ್ ಹಿಡಿದು ಸಿ ಒತ್ತು.”

ಒತ್ತಿದ. ತಟ್ಟನೆ ನಿಂತಿತು. ಯಾಕೆ ನಿಲ್ಲಿಸಿದೆ, ನಾಳೆ ನೆನಪಿಸಲೇ ಎಂದು ಅದು ಕೇಳಲಿಲ್ಲ.

ವ್ಯಾಪಾರಿಗೆ ಎಲ್ಲಿಲ್ಲದ ಖುಷಿಯಾಯಿತು. ಮತ್ತೊಮ್ಮೆ ಓಡಿಸಿ ಮತ್ತೊಮ್ಮೆ ನಿಲ್ಲಿಸಿದ. ಹೆಂಡತಿಯನ್ನು ಕರೆದು, “ನೋಡೇ, ಈ ಮನೆಯಲ್ಲಿ ನನ್ನ ಮಾತು ಕೇಳೋರು ಒಬ್ಬರಾದರೂ ಸಿಕ್ಕಿದರು!” ಎಂದು ತೋರಿಸಿದ.

ಆಮೇಲೆ ಮಗಳಿಂದ ಇನ್ನೊಂದು ಅಪ್ಪಣೆ ಕಲಿತು ಬರೆಯುವ ಪುಟ ತೆರೆದ. ನಾಯಕಿ ಬಾಯಿ ತೆರೆದಳು. ಯಾರೂ ಅಡ್ಡ ಬರಲಿಲ್ಲ. ಅವಳು ಆಡಿದ ಮಾತಿಗೆ ಬರೆದವನೇ ಗಟ್ಟಿಯಾಗಿ ನಕ್ಕ. ಹುಣ್ಣಿಮೆಗೆ ಮುಂಚೆಯೇ ಅಂಕ ಮುಗಿಯಿತು. ನಾಟಕದ ದಿನ ಊರು ಬಿದ್ದು ಬಿದ್ದು ನಕ್ಕಿತು. ರಂಗದ ಪರದೆಯ ಮರೆಯಲ್ಲಿ ನಿಂತಿದ್ದ ವ್ಯಾಪಾರಿ ಅದನ್ನು ಕಿವಿತುಂಬ ಕೇಳಿದ.

ಶಿಷ್ಯನೂ ನಕ್ಕ. ನಗುತ್ತಲೇ, “ಆದರೂ ಗುರುಗಳೇ, ತಾನಾಗಿ ಅದು ಏನೂ ಮಾಡಲಿಲ್ಲವಲ್ಲ?” ಎಂದ.

“ಮಾಡಲಿಲ್ಲ ಕಣಪ್ಪಾ, ಮಾಡುವುದಕ್ಕೆ ಅವನಿದ್ದನಲ್ಲ, ನಿನ್ನ ಕಂಪ್ಯೂಟರಿನ ಮುಂದೆ ಯಾರು ಕೂತಿದ್ದಾರೆ?” ಎಂದರು ಗುರುಗಳು.