ಕೊಟ್ರೇಶ ಆರ್ಗನ್ ರಿಪೇರಿ ಮಾಡಿದ್ದು

ಹರಪನಹಳ್ಳಿಯ ಹಂಪಮ್ಮ ಮದುವೆ ಮನೆಗಳಲ್ಲಿ ಹಾಡುವಾಕೆ. ತೀರಿಹೋದ ಗಂಡ ಅವಳ ಪಾಲಿಗೆ ಉಳಿಸಿಹೋಗಿದ್ದು ಎರಡೇ. ಒಂದು ಅವಳು ಬಾರಿಸಿಕೊಂಡು ಹಾಡುವ ಕರೆಂಟಿನ ಹಳೇ ಆರ್ಗನ್, ಇನ್ನೊಂದು ಮಗ ಕೊಟ್ರೇಶ. ಆರ್ಗನ್ ಆಗಾಗ ಕೆಡುತ್ತಿತ್ತು. ಮಗನ ಮಾತು ಬಿಡಿ! ಹೇಳಿದ್ದನ್ನು ಕೇಳದವನಲ್ಲ ಅವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವಳ ಗೋಳು.

ಗಿರಣಿ ತಿಪ್ಪೇಸ್ವಾಮಿಯ ಮಗಳ ಮದುವೆ ಬಂತು. "ಡೀಜೆ ಡಬ್ಬ ತರಿಸಿಟ್ಟೀನಿ ಹಂಪಮ್ಮ. ನಿನ್ನ ಆರ್ಗನ್ ಕೈಕೊಟ್ರೆ ಅದನ್ನೇ ಹಾಕಿಸ್ತೀನಿ," ಅಂದ ತಿಪ್ಪೇಸ್ವಾಮಿ. ಹಂಪಮ್ಮ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಅಲ್ಲಿ ಮಾನ ಹೋದರೆ ಆಮೇಲೆ ತನ್ನನ್ನು ಹಾಡೋಕೆ ಕರೆಯೋರು ಯಾರು?

ಮನೆಗೆ ಬಂದು ನೋಡಿದರೆ ಆರ್ಗನ್ ಕರಕರ ಅಂತಿದೆ. "ತಂತಿ ತುದಿಗೆ ಕಿಲುಬು ಹಿಡಿದೈತೆ ಕಣೋ. ದೀಪದ ಕಂಬ ಬೆಳಗ್ತೀವಲ್ಲ, ಹಂಗೆ ಬೆಳಗು," ಅಂದಳು.

ಕೊಟ್ರೇಶ ತಂತಿ ಬಿಚ್ಚಿ ತಂದು ಹುಣಸೆಹಣ್ಣು ಹಚ್ಚಿದ, ಬೂದಿ ಹಾಕಿ ತಿಕ್ಕಿದ, ಬಕೆಟ್ಟಿನಲ್ಲಿ ಅದ್ದಿ ತೊಳೆದ. ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಇಟ್ಟೂಬಿಟ್ಟ.

"ಕರೆಂಟಿನ ಸಾಮಾನಿಗೆ ನೀರು ಹಾಕ್ತಾರೇನೋ ನನ್ನಪ್ಪಾ? ಒಣಗಿಸು. ಆಮೇಲೆ ಒಳಗಿನ ತಂತಿಗಳನ್ನ ಎಳೆದು ನೋಡು. ಕಿತ್ತು ಬಂದದ್ದು ಸಡಿಲ ಅಂತ ತಿಳ್ಕೊ."

ಎಳೆದ. ಬರಲಿಲ್ಲ. ಆರ್ಗನ್ನಿಗೆ ಕಾಲು ಕೊಟ್ಟು ಎಳೆದ. ಬಂದವು. "ಯವ್ವಾ, ಒಂದೂ ಗಟ್ಟಿ ಇಲ್ಲ, ಎಲ್ಲಾ ಸಡಿಲ," ಅಂತ ತಂತಿಗಳ ಕಂತೆಯನ್ನೇ ತಂದು ಅವಳ ಮಡಿಲಿಗೆ ಹಾಕಿದ.

ಹಂಪಮ್ಮ ಹಣೆ ಹಣೆ ಚಚ್ಚಿಕೊಂಡಳು. ಗಂಡ ಮಾಡುತ್ತಿದ್ದುದನ್ನು ನೆನೆಸಿಕೊಂಡು ತಾನೇ ಕೂತು ಬೆಸುಗೆ ಹಾಕಿದಳು. "ಇನ್ನು ತಿಕ್ಕಬ್ಯಾಡ, ಎಳೀಬ್ಯಾಡ. ಸದ್ದು ನಿಂತ್ರೆ ಅಲ್ಲಿಷ್ಟು ಇಲ್ಲಿಷ್ಟು ಅಲ್ಲಾಡಿಸು. ಎಲ್ಲಿ ಸದ್ದು ಬರುತ್ತೋ ಅಲ್ಲೇ ಹಿಡ್ಕೊ. ಯಾರು ಏನಂದ್ರೂ ಬಿಡಬ್ಯಾಡ."

ಮದುವೆ ದಿನ ಆರತಿ ಹಾಡು ಅರ್ಧಕ್ಕೆ ಬಂದಿತ್ತು. ಆರ್ಗನ್ ಗಪ್ಪಾಯಿತು. ಡೀಜೆಯವನು ಅಂಗಿ ತೋಳು ಮಡಿಸುತ್ತಾ ಎದ್ದ. ಕೊಟ್ರೇಶ ಮೇಜಿನ ಕೆಳಗೆ ತೂರಿಕೊಂಡು ತಂತಿ ಅಲ್ಲಾಡಿಸಿದ, ಇನ್ನೊಂದಿಷ್ಟು ಅಲ್ಲಾಡಿಸಿದ. ಬಂತು ನೋಡಿ ಸದ್ದು, ಚಪ್ಪರವೆಲ್ಲ ತುಂಬಿತು! ಅಲ್ಲೇ ಹಿಡಿದು ಕೂತ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಹೋಳಿಗೆಯನ್ನು ಯಾರೋ ಬಾಯಿಗೇ ಇಟ್ಟುಹೋದರು. ಹಂಪಮ್ಮ ಹಾಡಿದಳು, ಹೆಣ್ಣು ಒಪ್ಪಿಸುವವರೆಗೂ ಹಾಡಿದಳು. ಡೀಜೆ ಡಬ್ಬ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ತಿಪ್ಪೇಸ್ವಾಮಿ ಅವಳಿಗೊಂದು ಶಾಲು ಹೊದಿಸಿ, ಬಗ್ಗಿ ಮೇಜಿನ ಕೆಳಗೂ ಒಂದು ಹೊದಿಸಿದ. ನನ್ನ ಮಾನ ಉಳಿಸಿದ ನನ್ನ ಮಗ ಅಂತ ಹಂಪಮ್ಮನಿಗೆ ಕಣ್ಣು ತುಂಬಿ ಬಂತು.

ಬೆಳಗಾಯಿತು. ಪಕ್ಕದ ಊರಿನವರು ತಾಂಬೂಲ ಹಿಡಿದು ಬಾಗಿಲಿಗೇ ಬಂದರು. "ನಮ್ಮ ಮದುವೆಗೂ ನೀನೇ ಹಾಡಬೇಕವ್ವಾ," ಅಂದರು. ಹಂಪಮ್ಮ ಬಾಯಿ ತೆರೆದಳು. ಹಾಡಿ ಹಾಡಿ ಗಂಟಲು ಕಟ್ಟಿತ್ತು, ಸ್ವರವೇ ಇಲ್ಲ. ಬಂದವರು ಮುಖ ಮುಖ ನೋಡಿಕೊಂಡರು.

"ಸದ್ದು ನಿಂತೈತೆ ಯವ್ವಾ, ಹೆದರಬ್ಯಾಡ, ನಾನಿದೀನಿ," ಅಂದ ಕೊಟ್ರೇಶ. ಅವಳ ಗಲ್ಲ ಅಲ್ಲಾಡಿಸಿದ. ಇಲ್ಲ. ಮೂಗು ಅಲ್ಲಾಡಿಸಿದ. ಇಲ್ಲ. ಎಡಗಿವಿ ಹಿಡಿದು ತಿರುವಿದ.

"ಅಯ್ಯಯ್ಯೋ!" ಅಂದಳು ಹಂಪಮ್ಮ. ಓಣಿಗೆಲ್ಲ ಕೇಳಿಸಿತು.

ಬಂದವರು ಖುಷಿಯಾಗಿ ತಾಂಬೂಲ ಕೊಟ್ಟರು. ಹಂಪಮ್ಮ ತಲೆ ವಾಲಿಸಿಕೊಂಡೇ ಇಸಕೊಂಡಳು. "ಬಿಡೋ, ಬಿಡೋ ನನ್ನಪ್ಪಾ," ಅಂತ ಕೂಗಿದಳು. ಸದ್ದು ಅಷ್ಟು ಚೆನ್ನಾಗಿ ಬರ್ತಿರುವಾಗ ಕೊಟ್ರೇಶ ಬಿಡ್ತಾನೆಯೇ?