ಲಾರಿಯ ತಂಪು ಕಳೆದುಹೋಗಿದ್ದು

ಬರುತ್ತೆ. ಲಾರಿಗೂ ಮೈ ಬಿಸಿ ಬರುತ್ತೆ.

ನೀವ್ಯಾರೂ ಕೇಳಿಲ್ಲ, ಗೊತ್ತು. ಆದ್ರೆ ನಿಮ್ಮ ಮೂತಿ ನೋಡಿದ್ರೆ ತಿಳಿಯುತ್ತೆ. "ಕಬ್ಬಿಣಕ್ಕೆ ಎಂಥ ಜ್ವರ?" ಅಂತ ಒಳಗೊಳಗೇ ನಗ್ತಿದೀರ. ನಗ್ರಪ್ಪ. ಕತೆ ಮುಗೀಲಿ, ಆಮೇಲೆ ನೋಡೋಣ.

ಒಂದು ಲಾರಿ. ಡೀಸೆಲ್ ಕುಡಿಯೋ ಲಾರಿ. ಅದನ್ನ ಓಡ್ಸೋನು ಫೆಲಿಕ್ಸಣ್ಣ. ಲಾರಿ ಹಿಂದೆ ಒಂದು ಟ್ರೇಲರ್. ಟ್ರೇಲರ್ ಮೇಲೆ ಒಂದು ದೋಣಿ. ಹೊಸ ದೋಣಿ. ಕಬ್ಬಿಣದ ದೋಣಿ. ಹತ್ತು ಎಮ್ಮೆ ತೂಕ. ಹತ್ತೂ ಎಮ್ಮೆ ಹೊಟ್ಟೆ ತುಂಬಾ ತಿಂದ್ಕೊಂಡು ಬಂದ್ರೆ ಎಷ್ಟೋ, ಅಷ್ಟು.

ದೋಣಿ ತಯಾರಾಗಿದ್ದು ಕಡಲ ಹತ್ರ. ಹೋಗ್ಬೇಕಾಗಿದ್ದು ಘಾಟಿ ಮೇಲೆ. ಅಲ್ಲೊಂದು ದೊಡ್ಡ ಹಿನ್ನೀರು. ಹಿನ್ನೀರಿನ ನಡುವೆ ನಡುಗಡ್ಡೆ. ನಡುಗಡ್ಡೇಲಿ ಮಾಸ್ತಜ್ಜನ ಮನೆ. ಮಾಸ್ತಜ್ಜ ಜನರನ್ನ ದೋಣೀಲಿ ದಾಟ್ಸೋನು. ಅವನ ಹಳೇ ದೋಣಿಗೆ ತಳದಲ್ಲಿ ತೂತು ಬಿತ್ತು. ಹೊಸಾದನ್ನ ತರೋಕೆ ತಾನೇ ಬಂದು, ಲಾರಿ ಮುಂದಿನ ಸೀಟಲ್ಲಿ ಕಾಲು ಮಡಚಿ ಕೂತಿದ್ದ.

ಮೇಲೆ, ಹಿನ್ನೀರಿನ ದಡದಲ್ಲಿ, ಅಜ್ಜನ ಮಗಳು ಸುಕನ್ಯಾ ಕಾಯ್ತಿದ್ಳು. ಅವಳ ಮಡಿಲಲ್ಲಿ ಪಾಪು. ಆಸ್ಪತ್ರೆಯಿಂದ ಬಂದ ಪಾಪು. ಒಂಬತ್ತು ದಿನದ ಪಾಪು. ಹೆಸರೂ ಇಟ್ಟಿಲ್ಲ. ನೀರಿನ ಆಚೆ, ಮನೇಲಿ ಅಜ್ಜಿ ತೊಟ್ಟಿಲು ಕಟ್ಟಿ, ಹಂಡೆ ನೀರು ಕಾಯ್ಸಿ ಕೂತಿದ್ಳು. ದೋಣಿ ಬಂದ್ರೆ ಪಾಪು ಮನೆಗೆ ಹೋಗುತ್ತೆ. ದೋಣಿ ಬರದಿದ್ರೆ ಇಲ್ಲ.

ಹೊರಡೋಕೆ ಮುಂಚೆ ಮಾಸ್ತಜ್ಜ ಒಂದು ಕೆಲಸ ಮಾಡ್ದ. ದೊಡ್ಡದೊಂದು ಮೊರ ತಂದ. ಅದರ ಮೇಲೆ ಎರಡು ಕೆಂಪು ಕಣ್ಣು ಬರ್ದ. ಒಂದು ಉದ್ದ ನಾಲಿಗೆ ಬರ್ದ. ಗಡ್ಡಕ್ಕೆ ಅಂತ ಎರಡು ಗೋಣಿಚೀಲ ಜೋತುಬಿಟ್ಟ. ಲಾರಿ ಮೂತಿಗೆ ಬಿಗಿಯಾಗಿ ಕಟ್ಟಿದ.

"ಇದೆಂಥದಜ್ಜ?" ಅಂದ ಫೆಲಿಕ್ಸಣ್ಣ.

"ದೃಷ್ಟಿಗೆ," ಅಂದ ಅಜ್ಜ. "ಹಳೇ ದೋಣೀನ ಊರೆಲ್ಲ ನೋಡಿ ಚೆನ್ನಾಗಿದೆ ಚೆನ್ನಾಗಿದೆ ಅಂದ್ರು. ಹಾಗಂದ ಮೂರನೇ ವಾರಕ್ಕೆ ತೂತು."

"ಅದು ಬಂಡೆಗೆ ಹೊಡ್ದಿದ್ದಲ್ವಾ?"

"ಬಂಡೇನೂ ನೋಡ್ತಿತ್ತು," ಅಂದ ಅಜ್ಜ.

ಸರಿ. ಹೊರಟ್ರು. ಘಾಟಿ ಶುರುವಾಯ್ತು. ಒಂದು ತಿರುವು. ಎರಡು ತಿರುವು. ಮೂರು ತಿರುವು. ನಾಲ್ಕನೇ ತಿರುವಲ್ಲಿ ಸ್ಟೇರಿಂಗ್ ಹಿಂದೆ ಇಂಜಿನ್ ಬಿಸಿ ತೋರ್ಸೋ ಸಣ್ಣ ಮುಳ್ಳು ಕೆಂಪಿಗೆ ಹೋಯ್ತು. ಲಾರಿ ಬುಸ್ಸ್ ಅಂತು. ನಿಂತೇಬಿಡ್ತು.

"ನನ್ನ ತಂಪು ಕಳೆದೋಯ್ತು," ಅಂತು ಲಾರಿ. "ತಂಪು ಇಲ್ದೆ ನಾನು ಹತ್ತಲ್ಲ."

ಪಾಪ, ಅದರ ತಪ್ಪೇನು? ಹತ್ತು ಎಮ್ಮೆ ಎಳ್ಕೊಂಡು ನೀವು ಹತ್ತಿ ನೋಡಿ.

ಫೆಲಿಕ್ಸಣ್ಣ ಚಕ್ರದ ಹಿಂದೆ ಕಲ್ಲು ಕೊಟ್ಟ. ಇಂಜಿನ್ ಆರಿಸ್ಲಿಲ್ಲ. ಬಿಸಿ ಇಂಜಿನ್ನ ಥಟ್ ಅಂತ ಆರಿಸ್ಬಾರ್ದು. ಓಡಿ ಬಂದೋರನ್ನ ಥಟ್ ಅಂತ ಮಲಗ್ಸಿದ ಹಾಗೆ ಆಗುತ್ತೆ. ಟುಕು ಟುಕು ಟುಕು ಅಂತ ಬಿಟ್ಟು, ಲಾರಿ ಕೆಳಗೆ ತೂರ್ಕೊಂಡ.

"ಗೇರ್ ಬಾಕ್ಸೇ, ಗೇರ್ ಬಾಕ್ಸೇ. ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ಹಲ್ಲು ಕಚ್ಚು."

"ಕಚ್ಚಲ್ಲ," ಅಂತು ಗೇರ್ ಬಾಕ್ಸ್. "ನನ್ನ ಎಣ್ಣೆ ಕಾದು ಸಾರಿನ ಥರ ಆಗಿದೆ. ಪಕ್ಕದ ಮನೆ ಇಂಜಿನ್ನು ಉರೀತಿದ್ರೆ ನಾನು ತಣ್ಣಗಿರೋದು ಹೇಗೆ? ಅವನನ್ನ ಕೇಳು."

ಫೆಲಿಕ್ಸಣ್ಣ ಇಂಜಿನ್ ಹತ್ರ ಹೋದ.

"ಇಂಜಿನ್ನೇ, ಇಂಜಿನ್ನೇ. ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ಎಳಿ."

"ಎಳೆಯಲ್ಲ," ಅಂತು ಇಂಜಿನ್. "ಹೊಟ್ಟೇಲಿ ಬೆಂಕಿ ಇಟ್ಕೊಂಡು ದುಡಿಯೋನು ನಾನು. ಮೈಮೇಲೆ ನೀರು ಹರೀಬೇಕು. ಹರೀತಿದೆ. ಆದ್ರೆ ಸುಡೋ ನೀರು. ನೀರನ್ನೇ ಕೇಳು."

ಫೆಲಿಕ್ಸಣ್ಣ ನೀರಿನ ಹತ್ರ ಹೋದ.

"ನೀರೇ, ನೀರೇ. ಇಂಜಿನ್ ಎಳೆಯಲ್ಲ, ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ತಣಿ."

"ತಣಿಯಲ್ಲ," ಅಂತು ನೀರು ಒಳಗಿಂದ. "ಕುದೀತಿದೀನಿ. ಅಕ್ಕಿ ಹಾಕು, ಅನ್ನ ಆಗುತ್ತೆ."

ಅಷ್ಟೊತ್ತಿಗೆ ಮಾಸ್ತಜ್ಜ ಇಳಿದು ಬಂದ. ಕೈಲಿ ತಣ್ಣೀರಿನ ಬಾಟ್ಲಿ. ಸೀದಾ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕ್ದ.

"ಅಜ್ಜ," ಅಂದ ಫೆಲಿಕ್ಸಣ್ಣ, "ಬೆರಳು ಬೇಕಾ, ಬೇಡ್ವಾ?"

ಅಜ್ಜ ಕೈ ಹಿಂದಕ್ಕೆ ತಗೊಂಡ.

"ಬಿಸೀಲಿ ಮುಚ್ಚಳ ತೆಗೆದ್ರೆ ನೀರು ಹಾರಿ ಮುಖ ಸುಡುತ್ತೆ. ಆಮೇಲೆ ಮೊರದ ಬದ್ಲು ನಿನ್ನನ್ನೇ ಕಟ್ಬೇಕಾಗುತ್ತೆ."

ಅಜ್ಜ ಬಾಟ್ಲಿ ನೀರನ್ನ ತಾನೇ ಕುಡ್ದ.

"ನಾನು ತಣೀಬೇಕು ಅಂದ್ರೆ," ಅಂತು ನೀರು, "ಜಾಲರಿ ಆರ್ಬೇಕು. ಜಾಲರೀನ ಕೇಳು."

ಜಾಲರಿ ಅಂದ್ರೆ ರೇಡಿಯೇಟರ್. ಸಣ್ಣ ಸಣ್ಣ ಸಂದು. ನೀರು ಅಲ್ಲಿ ಸುತ್ತಾಡಿ, ಬಿಸಿ ಕಳ್ಕೊಂಡು ಬರುತ್ತೆ. ನೀವು ಬಿಸಿ ಹಾಲನ್ನ ತಟ್ಟೇಲಿ ಹರಡ್ಕೊಂಡು ಕುಡೀತೀರಲ್ಲ, ಹಾಗೆ.

"ಜಾಲರಿಯೇ, ಜಾಲರಿಯೇ. ನೀರು ತಣಿಯಲ್ಲ, ಇಂಜಿನ್ ಎಳೆಯಲ್ಲ, ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ಆರು."

"ಆರಲ್ಲ," ಅಂತು ಜಾಲರಿ. "ಬೀಸೋರಿಲ್ಲ. ಹಿಂದೆ ನಿಂತಿದೆ ನೋಡು ಫ್ಯಾನು. ಅದನ್ನ ಕೇಳು."

"ಫ್ಯಾನೇ, ಫ್ಯಾನೇ. ಜಾಲರಿ ಆರಲ್ಲ, ನೀರು ತಣಿಯಲ್ಲ, ಇಂಜಿನ್ ಎಳೆಯಲ್ಲ, ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ಬೀಸು."

"ಬೀಸಲ್ಲ," ಅಂತು ಫ್ಯಾನ್. ಗರಗರ ತಿರುಗ್ತಾನೇ ಅಂತು. "ತಿರುಗ್ತೀನಿ. ತಿರುಗ್ತಾನೇ ಇದೀನಿ. ಬೀಸೋಕೆ ಗಾಳಿ ಎಲ್ಲಿದೆ? ಖಾಲಿ ಚಮಚ ಬಾಯಿಗಿಟ್ರೆ ಹೊಟ್ಟೆ ತುಂಬುತ್ತಾ? ಗಾಳೀನ ಕೇಳು."

ಗಾಳಿ ಎಲ್ಲಿತ್ತು? ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತಿತ್ತು. ಮುಖ ಸಪ್ಪೆ.

ಈ ಗಾಳಿಗೆ ಒಂದು ಕೆಟ್ಟ ಚಾಳಿ. ಯಾರ ಮನೆಗಾದ್ರೂ ನುಗ್ಗುತ್ತೆ. ಹೋಗುವಾಗ ಬಾಗಿಲನ್ನ ಧಡಾರ್ ಅಂತ ಹಾಕ್ಕೊಂಡು ಹೋಗುತ್ತೆ. ನಿಮ್ಮ ಮನೇಲೂ ಮಾಡಿರುತ್ತೆ. ನಿಮ್ಮ ಅಮ್ಮ ನಿಮಗೇ ಬೈದಿರ್ತಾರೆ.

"ಗಾಳಿಯೇ, ಗಾಳಿಯೇ. ಫ್ಯಾನ್ ಬೀಸಲ್ಲ, ಜಾಲರಿ ಆರಲ್ಲ, ನೀರು ತಣಿಯಲ್ಲ, ಇಂಜಿನ್ ಎಳೆಯಲ್ಲ, ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ಒಳಗೆ ನುಗ್ಗು."

"ನುಗ್ಗಲ್ಲ," ಅಂತು ಗಾಳಿ. "ಬಂದಿದ್ದೆ. ಲಾರಿ ಮೂತಿ ತನಕ ಬಂದಿದ್ದೆ. ಅಲ್ಲೊಬ್ಬ ನಿಂತಿದಾನೆ. ಕೆಂಪು ಕಣ್ಣು. ಉದ್ದ ನಾಲಿಗೆ. ಗೋಣಿ ಗಡ್ಡ. ನನಗೆ ಹೆದ್ರಿಕೆ ಆಯ್ತು. ವಾಪಸ್ ಬಂದೆ."

ನೋಡಿ. ಕಟ್ಟಿದ್ದು ದೃಷ್ಟಿ ಹೆದರ್ಲಿ ಅಂತ. ಹೆದರಿದ್ದು ಗಾಳಿ.

ಫೆಲಿಕ್ಸಣ್ಣ ಮೊರದ ಮುಂದೆ ಹೋಗಿ ನಿಂತ.

"ಮೊರವೇ, ಮೊರವೇ. ಗಾಳಿ ನುಗ್ಗಲ್ಲ, ಫ್ಯಾನ್ ಬೀಸಲ್ಲ, ಜಾಲರಿ ಆರಲ್ಲ, ನೀರು ತಣಿಯಲ್ಲ, ಇಂಜಿನ್ ಎಳೆಯಲ್ಲ, ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ. ಸ್ವಲ್ಪ ಸರಿ."

"ಸರಿಯಲ್ಲ," ಅಂತು ಮೊರ. "ನನಗೂ ಇಲ್ಲಿ ಬೆನ್ನು ಸುಡ್ತಿದೆ. ಅಕ್ಕಿ ಕೇರ್ಕೊಂಡು ಸುಖವಾಗಿದ್ದೆ. ನಾಲಿಗೆ ಬರ್ದು ಇಲ್ಲಿ ಕಟ್ಟಿದ್ರು. ಬೇಕಾದ್ರೆ ನೀನೇ ಬಿಚ್ಚು."

ಫೆಲಿಕ್ಸಣ್ಣ ಹಗ್ಗ ಹಿಡ್ದು ಎಳ್ದ. ಗಂಟು ಬಿಗೀತು. ಇನ್ನೂ ಎಳ್ದ. ಇನ್ನೂ ಬಿಗೀತು. ಅದು ದೋಣಿಯೋರ ಗಂಟು. ಎಳೆದಷ್ಟೂ ಬಿಗಿ. ಹಾಕಿದೋರಿಗೇ ಬಿಚ್ಚೋಕೆ ಬರೋದು.

ಹಾಕಿದೋನು ಯಾರು? ಹೇಳಿ ನೋಡೋಣ.

ಹ್ಞೂಂ. ಅವನೇ. ಲಾರಿ ನೆರಳಲ್ಲಿ ಕೂತು ಕಾಲಿಗೆ ಮೆತ್ತಿದ ಬಣ್ಣ ಕೆರೀತಿದ್ದ.

"ಅಜ್ಜ, ಮೊರ ಬಿಚ್ಚು."

"ಬಿಚ್ಚಲ್ಲ," ಅಂದ ಮಾಸ್ತಜ್ಜ. "ಬೇರೆ ಏನಾದ್ರೂ ಹೇಳು, ಮಾಡ್ತೀನಿ. ಲಾರಿ ತಳ್ಳು ಅನ್ನು, ತಳ್ತೀನಿ. ಹೊಸ ದೋಣಿ ಫೆಲಿಕ್ಸ. ಬರಿ ಮೈಲಿ ರಸ್ತೆಗೆ ಬಿಡ್ಲಾ?"

"ನಿನ್ನ ಮೊರ ಲಾರಿಗೆ ಮೂಗು ಮುಚ್ಚಿದೆ ಅಜ್ಜ. ಮೂಗು ಮುಚ್ಕೊಂಡು ಹತ್ತು ಎಮ್ಮೆ ಹೊರೋಕಾಗುತ್ತಾ?"

"ಇಷ್ಟಗಲ ಮೊರ. ಅಷ್ಟುದ್ದ ಲಾರಿ. ಸುಮ್ನೆ ನೆಪ ಹೇಳ್ಬೇಡ."

ಫೆಲಿಕ್ಸಣ್ಣ ಜಗಳ ಮಾಡ್ಲಿಲ್ಲ. ಅಜ್ಜನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಂದೊಂದೇ ಬೆರಳು ಮಡಚಿ ಹೇಳ್ದ.

"ಅಜ್ಜ ಬಿಚ್ಚಲ್ಲ, ಮೊರ ಸರಿಯಲ್ಲ, ಗಾಳಿ ನುಗ್ಗಲ್ಲ, ಫ್ಯಾನ್ ಬೀಸಲ್ಲ, ಜಾಲರಿ ಆರಲ್ಲ, ನೀರು ತಣಿಯಲ್ಲ, ಇಂಜಿನ್ ಎಳೆಯಲ್ಲ, ಗೇರ್ ಬಾಕ್ಸ್ ಕಚ್ಚಲ್ಲ, ಲಾರಿ ಹತ್ತಲ್ಲ, ದೋಣಿ ಬರಲ್ಲ, ಪಾಪು ಮನೆಗೆ ಹೋಗಲ್ಲ."

ಬೆರಳೆಲ್ಲ ಮುಗ್ದು, ಕೊನೇಗೆ ಅಜ್ಜನ ಒಂದು ಬೆರಳು ಸಾಲ ತಗೊಂಡಿದ್ದ.

ಅಜ್ಜ ತನ್ನ ಬೆರಳನ್ನೇ ನೋಡ್ದ. ಅದು ಪಾಪು ಲೆಕ್ಕದ ಬೆರಳು.

"ಇನ್ನೊಂದ್ಸಲ ಹೇಳು," ಅಂದ. "ಮೊದಲ್ನೇದು ಮತ್ತೆ ಕೊನೇದು ಮಾತ್ರ."

"ಅಜ್ಜ ಬಿಚ್ಚಲ್ಲ. ಪಾಪು ಮನೆಗೆ ಹೋಗಲ್ಲ."

ಅಜ್ಜ ಕಾಲಿನ ಬಣ್ಣ ಕೆರೆಯೋದು ಬಿಟ್ಟ. ಆಮೇಲೆ ಮೊಣಕಾಲು ಹಿಡ್ಕೊಂಡು ಎದ್ದ.

"ದೋಣಿಗೆ ದೃಷ್ಟಿ ಆದ್ರೆ?" ಅಂತ ಕೇಳ್ದ. ಸಣ್ಣ ದನೀಲಿ.

ಫೆಲಿಕ್ಸಣ್ಣ ನಗ್ಲಿಲ್ಲ. ಯೋಚ್ನೆ ಮಾಡ್ದ.

"ಅಜ್ಜ, ನಾವು ಹೋಗೋದು ಬಸವನಹುಳದ ಥರ. ಎಲ್ರೂ ನಮ್ಮ ಹಿಂದೇನೇ ಇರ್ತಾರೆ. ಮುಂದೆ ನೋಡೋರ್ಯಾರು? ಹಿಂದೆ ಕಟ್ಟು."

ಅಜ್ಜನ ಮುಖ ಅರಳ್ತು. ಗಂಟಿಗೆ ಕೈ ಹಾಕ್ದ. ಎಳೀಲಿಲ್ಲ. ಹಗ್ಗಾನ ಒಳಗೆ ನೂಕ್ದ. ಗಂಟು ಸಡಿಲ ಆಯ್ತು.

ಅಜ್ಜ ಬಿಚ್ಚಿದ.
ಮೊರ ಸರೀತು.
ಗಾಳಿ ಕಟ್ಟೆಯಿಂದ ಎದ್ದು, ಇಣುಕಿ ನೋಡಿ, ಒಳಗೆ ನುಗ್ತು.
ಫ್ಯಾನ್ ಬೀಸ್ತು.
ಜಾಲರಿ ಆರ್ತು.
ನೀರು ತಣೀತು.

ಥಟ್ ಅಂತ ಅಲ್ಲ. ಅಜ್ಜ ಮೊರಾನ ದೋಣಿ ಹಿಂದೆ ಕಟ್ಟೋಷ್ಟು ಹೊತ್ತು. ಇಬ್ರೂ ಒಂದೊಂದು ಬಾಳೆಹಣ್ಣು ತಿನ್ನೋಷ್ಟು ಹೊತ್ತು. ಇನ್ನೂ ಸ್ವಲ್ಪ ಹೊತ್ತು. ಕಾದ್ರು. ಕೆಂಪಲ್ಲಿದ್ದ ಮುಳ್ಳು ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ ಕೆಳಗಿಳೀತು.

"ತಂಪು ಸಿಕ್ತು," ಅಂತು ಲಾರಿ.

ಇಂಜಿನ್ ಎಳೀತು.
ಗೇರ್ ಬಾಕ್ಸ್ ಕಚ್ಚಿತು. ಒಂದನೇ ಗೇರು. ಅವಸರ ಇಲ್ಲ.
ಲಾರಿ ಹತ್ತಿತು. ಐದನೇ ತಿರುವು. ಆರನೇ ತಿರುವು. ಏಳು, ಎಂಟು, ಒಂಬತ್ತು. ಹಿಂದೆ ಬಂದ ಬಸ್ಸು ಮೊರ ನೋಡಿ ದೂರಾನೇ ಉಳೀತು. ಅಜ್ಜ ಕನ್ನಡೀಲಿ ನೋಡಿ ಖುಷಿ ಪಟ್ಟ.
ದೋಣಿ ಬಂತು. ನೀರಿಗೆ ಇಳೀತು. ಮುಳುಗ್ಲಿಲ್ಲ.
ಸುಕನ್ಯಾ ಹತ್ತಿದ್ಳು. ಪಾಪು ಹತ್ತಿತು. ಗಾಳೀನೂ ಹತ್ತಿತು, ಟಿಕೆಟ್ ಇಲ್ದೆ.
ಪಾಪು ಮನೆಗೆ ಹೋಯ್ತು.

"ಮೂರು ಸಲ ನೀರು ಕಾಯ್ಸಿದೆ," ಅಂದ್ಳು ಅಜ್ಜಿ ಬಾಗಿಲಲ್ಲೇ. "ದೋಣಿ ತಂದ್ರಾ, ಕಡಲನ್ನೇ ತಂದ್ರಾ?"

"ಲಾರಿಗೆ ಮೈ ಬಿಸಿ ಬಂದಿತ್ತು ಕಣೇ," ಅಂದ ಅಜ್ಜ.

"ಯಾಕೆ?"

ಅಜ್ಜ ಮಗಳ ಕಡೆ ಕೈ ಚಾಚ್ದ. ಪಾಪೂನ ಎತ್ಕೊಂಡ.

ಪಾಪುಗೆ ಸ್ನಾನ ಆಯ್ತು. ಹಾಲಾಯ್ತು. ತೊಟ್ಟಿಲಿಗೆ ಹಾಕಿದ್ರು. ಆದ್ರೆ ಪಾಪುಗೆ ಸೆಕೆ. ಮುಖ ಕೆಂಪು. ಮಲಗಲ್ಲ, ಕೊಂಯ್ ಕೊಂಯ್.

ಗಾಳಿ ಕಿಟಕಿಯಿಂದ ನುಗ್ತು. ತೊಟ್ಟಿಲು ತೂಗ್ತು. ಹಣೆ ಆರ್ತು. ಮೈ ತಣೀತು. ಪಾಪು ಬಾಯಿ ತೆಗೆದು ಒಂದು ಆಕಳಿಕೆ ಹೊಡೀತು. ಮಲಗ್ತು.

ಗಾಳಿ ತುದಿಗಾಲಲ್ಲಿ ಹೊರಗೆ ಹೋಯ್ತು. ಹೋಗ್ತಾ ಬಾಗಿಲು ಹಾಕ್ತು.

ಸದ್ದೇ ಆಗ್ಲಿಲ್ಲ.