ಹುಳು ಕಚ್ಚಿಕೊಂಡು ಕಾಯುವ ಮಡಿವಾಳ ಹಕ್ಕಿ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಮರಗಳೆಲ್ಲ ಎಳೆಯವು. ಯಾವ ಮರದಲ್ಲೂ ಒಂದು ಪೊಟರೆ ಇರಲಿಲ್ಲ.

ಮಡಿವಾಳ ಹಕ್ಕಿಗೆ ಮೊಟ್ಟೆಯಿಡುವ ಹೊತ್ತು ಹತ್ತಿರ ಬಂದಿತ್ತು. ಗೀಜಗನ ಹಾಗೆ ಗೂಡು ನೇಯಲು ಅದಕ್ಕೆ ಬಾರದು. ಅದಕ್ಕೆ ಬೇಕಾದದ್ದು ಒಂದು ಕತ್ತಲೆಯ ತೂತು, ಅಷ್ಟೆ.

“ಬೇವಣ್ಣಾ, ನಿನ್ನಲ್ಲಿ ಪೊಟರೆ ಇದೆಯಾ?”

“ನಂಗಿನ್ನೂ ಚಿಕ್ಕ ವಯಸ್ಸು ಕಣವ್ವ. ಪೊಟರೆ ಆಗ್ಬೇಕು ಅಂದ್ರೆ ಮುದುಕ ಆಗ್ಬೇಕು.”

ಮಾವನ್ನು ಕೇಳಿತು, ಹುಣಸೆಯನ್ನು ಕೇಳಿತು. ಅದೇ ಮಾತು. ಹಕ್ಕಿಗೆ ಅಳುವೇ ಬಂತು. ಆಗ ಗಾಳಿ ಹೇಳಿತು: “ಸಣ್ಣೀರಮ್ಮನ ಹಿತ್ತಲಿಗೆ ಹೋಗಿ ನೋಡು. ನುಗ್ಗೆ ಮರದಲ್ಲಿ ಏನೋ ತೂಗ್ತಾ ಇದೆ. ಅದರ ತೂತಲ್ಲಿ ಈಗಷ್ಟೇ ಶಿಳ್ಳೆ ಹೊಡೆದು ಬಂದೆ.”

ತೂಗುತ್ತಿದ್ದದ್ದು ಒಣಗಿದ ಸೋರೆ ಬುರುಡೆ. ಒಂದು ಹಕ್ಕಿಯಾದರೂ ಬಂದಿರಲಿ ಎಂಬ ಆಸೆಯಿಂದ, ಅಲ್ಲಿ ಒಂಟಿಯಾಗಿದ್ದ ಸಣ್ಣೀರಮ್ಮನೇ ಅದರ ತಿರುಳು ತೆಗೆದು, ತೂತು ಕೊರೆದು ಕಟ್ಟಿದ್ದಳು. ಲೋಕ ಹೊಸದು ನೋಡಿ, ಅಕ್ಕಪಕ್ಕ ಮನೆಗಳೇ ಇರಲಿಲ್ಲ. ನೆಂಟರು ಬರುವುದಾದರೂ ಎಲ್ಲಿಂದ?

ಹಕ್ಕಿ ಒಳಗೆ ಹೊಕ್ಕಿತು. ಬೇರುನಾರು ಹಾಸಿ ಮೂರು ಮೊಟ್ಟೆಯಿಟ್ಟಿತು. ಸಣ್ಣೀರಮ್ಮನ ಸಂತೋಷ ಕೇಳಬೇಕೆ? ಮನೆಗೆ ಬಂದವರನ್ನು ವಿಚಾರಿಸದೆ ಇರುವುದುಂಟೆ? ತೂತಿಗೆ ಕಣ್ಣಿಟ್ಟು ಕೇಳಿಯೇಬಿಟ್ಟಳು: “ಊಟ ಆಯ್ತೇನವ್ವ?”

ಒಳಗೆ ಇದ್ದಷ್ಟು ಬೆಳಕೂ ಹೋಯಿತು. ಹಕ್ಕಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿತು.

ಸಂಜೆ ಮುದ್ದೆಯ ಚೂರು ಹಿಡಿದು ಮತ್ತೆ ಬಂದಳು. “ಊಟ ಆಯ್ತೇನವ್ವ?” ಬೆಳಗಾದರೆ ಮತ್ತೆ ಅದೇ. ಗೋಡೆಯ ಮೇಲಿದ್ದ ಕಾಗೆ ಕತ್ತು ವಾರೆ ಮಾಡಿತು. ‘ಈಯಮ್ಮ ಇಷ್ಟು ಸಲ ಇಣುಕಬೇಕಾದರೆ ಅಲ್ಲಿ ತಿನ್ನುವಂಥದ್ದು ಏನೋ ಇದೆ.’

ಹಕ್ಕಿ ಹುಳು ಹುಡುಕಲು ಹೋದಾಗ ಕಾಗೆ ತೂತಿಗೆ ಕೊಕ್ಕು ತೂರಿಸಿತು. ಸಣ್ಣೀರಮ್ಮ ಪೊರಕೆ ಹಿಡಿದು ಓಡಿಬಂದಳು. ಅಷ್ಟರಲ್ಲಿ ಒಂದು ಮೊಟ್ಟೆ ಹೋಗಿತ್ತು.

“ಅಯ್ಯೋ, ನಾನೇನು ಮಾಡ್ದೆ?” ಎಂದು ಹಲುಬಿದಳು.

“ನೀನು ನೋಡಿದ ಕಡೆ ಕಾಗೆ ನೋಡುತ್ತೆ ಕಣಮ್ಮ.” ಎಂದಿತು ಹಕ್ಕಿ. “ಮನೆ ಕೊಟ್ಟೆ, ಸಾಕು. ಇನ್ನೊಂದು ಸಲ ಇಣುಕಿದ್ರೆ ನಾನಿಲ್ಲಿ ಇರಲ್ಲ.”

ಬಂದ ನೆಂಟರಿಗೆ ಬೆನ್ನು ಹಾಕಿ ಕೂರುವುದೇ! ಸಣ್ಣೀರಮ್ಮನಿಗೆ ನಾಚಿಕೆಯಾಯಿತು. ಆದರೂ ಕೂತಳು. ಬೆನ್ನ ಹಿಂದೆ ಏನೇನೋ ಸದ್ದು. ಕತ್ತು ತಿರುಗುವುದಕ್ಕೇ ನೋಡುತ್ತಿತ್ತು. ಅವಳು ಸೆರಗನ್ನು ಮುಖದ ಮೇಲೆಳೆದುಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಹಕ್ಕಿ ಗೋಡೆಯ ಮೇಲೆ ಬಾಲ ನಿಮಿರಿಸಿ ಕೂತು, ಅವಳ ಮುಖ ಆಚೆಗಿದೆಯೇ ಎಂದು ನೋಡಿಕೊಂಡೇ ಒಳಗೆ ನುಗ್ಗುತ್ತಿತ್ತು.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ತಿರುಗದೆಯೇ ಕೇಳಿದಳು: “ಊಟ ಆಯ್ತೇನವ್ವ?”

ಬುರುಡೆಯೊಳಗಿಂದ ಎರಡು ಪುಟ್ಟ ಗಂಟಲುಗಳು ಒಟ್ಟಿಗೇ ಕಿರುಚಿದವು. ಇನ್ನೂ ಆಗಿಲ್ಲವಂತೆ! ಸಣ್ಣೀರಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಅದಕ್ಕೇ ಇವತ್ತಿಗೂ, ನೀನು ಹಿತ್ತಲಲ್ಲಿ ಕಟ್ಟಿದ ಗೂಡುಪೆಟ್ಟಿಗೆಯ ಹತ್ತಿರ ಮಡಿವಾಳ ಹಕ್ಕಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು, ತಂತಿಯ ಮೇಲೆ ಕೂತು ನಿನ್ನನ್ನೇ ನೋಡುತ್ತದೆ. ನೀನು ಮುಖ ಆಚೆ ತಿರುಗಿಸುವವರೆಗೂ ಅದರ ಮಕ್ಕಳಿಗೆ ಊಟ ಇಲ್ಲ.